ಮಿಕ್ಸಿಗೂ ಒಂದು ಸ್ವೆಟರ್

ಬೆಂಗಳೂರಿನಲ್ಲಿ ಮನುಷ್ಯರು ಸ್ವೆಟರ್ ಹಾಕುವುದನ್ನು ಬಿಟ್ಟ ಮೇಲೆ ಸಾಮಾನುಗಳಿಗೆ ಚಳಿ ಶುರುವಾಯಿತು. ಇದನ್ನು ಮೊದಲು ಪತ್ತೆ ಹಚ್ಚಿದವರು ಹೆಣಿಗೆಯ ಹೆಂಗಸರು. ಪ್ರತಿ ಬೀದಿಗೆ, ಪ್ರತಿ ಬಳಗಕ್ಕೆ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮಕ್ಕಳು ಚಿಕ್ಕವರಿದ್ದಾಗ ಟೊಪ್ಪಿ, ಕಾಲುಚೀಲ, ಸ್ವೆಟರ್ ಹೆಣೆದು ಕೈ ಪಳಗಿಸಿಕೊಂಡವರು. ಮಕ್ಕಳು ದೊಡ್ಡವರಾಗಿ "ಚುಚ್ಚುತ್ತಮ್ಮಾ" ಎಂದು ಕಿತ್ತೆಸೆದ ಮೇಲೆ, ತಕರಾರಿಲ್ಲದೆ ತೊಡಿಸಿಕೊಳ್ಳುವ ಮೈಗಳನ್ನು ಹುಡುಕುತ್ತಾ ಹೊರಟವರು. ಮಿಕ್ಸಿ ತಕರಾರು ಮಾಡುವುದಿಲ್ಲ. ಫ್ರಿಜ್ಜಿನ ಹಿಡಿಯೂ ಮಾಡುವುದಿಲ್ಲ.

ನಮ್ಮ ಮನೆತನದ ಪಾಲಿಗೆ ಬಂದಿರುವುದು ನನ್ನ ಅತ್ತಿಗೆ. ಬಸವನಗುಡಿಯ ಅವರ ಮನೆಯಲ್ಲಿ ಬರಿಮೈಯಲ್ಲಿ ಓಡಾಡುವ ಧೈರ್ಯ ಇರುವುದು ಹಲ್ಲಿಗೆ ಮಾತ್ರ. ಮಿಕ್ಸಿಗೆ ತೋಳಿಲ್ಲದ ಸ್ವೆಟರ್, ನೀರಿನ ಫಿಲ್ಟರಿಗೆ ಮಫ್ಲರ್, ಗ್ಯಾಸ್ ಸಿಲಿಂಡರಿಗೆ ಅಂಚು ಕಟ್ಟಿದ ಲಂಗ. ರಿಮೋಟಿಗೆ ತೊಡಿಸಿದ ಕವಚದ ಒಳಗೆ ಗುಂಡಿಗಳು ಎಲ್ಲಿವೆಯೆಂದು ಬೆರಳೇ ಊಹಿಸಬೇಕು. ವಾರ್ತೆ ಹಾಕಲು ಹೋಗಿ ಅಣ್ಣ ಎಷ್ಟೋ ಭೋಜಪುರಿ ಸಿನಿಮಾ ನೋಡಿದ್ದಾನೆ. ಪೆಟ್ಟಿಗೆ ಟೀವಿಯಿದ್ದ ಕಾಲ ಅತ್ತಿಗೆಯ ಸುವರ್ಣಯುಗ. ಅದರ ತಲೆಯ ಮೇಲೆ ಕ್ರೋಶಾದ ಬಿಳಿ ಹಾಸು, ಹಾಸಿನ ಮೇಲೆ ಚನ್ನಪಟ್ಟಣದ ಗೊಂಬೆ, ಗೊಂಬೆಗೂ ಒಂದು ಶಾಲು. ಚಪ್ಪಟೆ ಟೀವಿ ಬಂದ ದಿನ ಅದರ ನೆತ್ತಿಯನ್ನು ಬೆರಳಲ್ಲಿ ಅಳೆದು ನೋಡಿ, "ಇದನ್ನ ಮಾಡಿದವರ ಮನೇಲಿ ಹೆಂಗಸರಿಲ್ಲ ಅಂತ ಕಾಣತ್ತೆ" ಎಂದರು.

ಇಂಥವರೊಡನೆ ಮಾತುಕತೆ ಸುಲಭವಲ್ಲ. ಪ್ರತಿ ಮಾತಿನ ಬಾಲಕ್ಕೂ ಒಂದು ಸಂಖ್ಯೆ ಅಂಟಿರುತ್ತದೆ. "ಬಾಪ್ಪ, ಕೂತ್ಕೋ, ಮೂವತ್ತೆಂಟು, ಮಗಳ ಪರೀಕ್ಷೆ ಏನಾಯ್ತು, ಮೂವತ್ತೊಂಬತ್ತು." ಮಗಳಿಗೆ ಎಂಬತ್ತೆರಡು ಬಂತೆಂದು ನೀವು ಹೇಳಿದಿರೋ, ಅವರ ಲೆಕ್ಕ ತಪ್ಪಿತು. ಇಡೀ ಸಾಲನ್ನು ಮೊದಲಿನಿಂದ ಎಣಿಸಬೇಕು, ಅಪರಾಧಿ ನೀವು. ತೆಪ್ಪಗೆ ದಿಂಬಿಗೆ ಒರಗೋಣವೆಂದರೆ ಅದೂ ಅಪಾಯ. ದಿಂಬಿನ ಕವರಿನದು ಕೇಬಲ್ ಹೆಣಿಗೆ. ಅದರಲ್ಲಿ ನಾಲ್ಕಾರು ಕುಣಿಕೆಗಳನ್ನು ಬೇರೊಂದು ಪುಟ್ಟ ಸೂಜಿಗೆ ದಾಟಿಸಿ, ಹಿಂದಿನವನ್ನು ಮೊದಲು ಹೆಣೆದು ಉಬ್ಬು ಜಡೆ ಎಬ್ಬಿಸುತ್ತಾರೆ. ಜಡೆ ಬಟ್ಟೆಯನ್ನು ಒಳಕ್ಕೆಳೆಯುವುದರಿಂದ ಉಲ್ಲನ್ ಜಾಸ್ತಿ ಬೇಕು. ಅಷ್ಟು ಖರ್ಚು ಮಾಡಿ ಹೆಣೆದ ದಿಂಬಿನ ಮೇಲೆ ಮಧ್ಯಾಹ್ನ ಒಂದು ಕೋಳಿನಿದ್ದೆ ತೆಗೆದರೆ, ಏಳುವಾಗ ಎಡಗೆನ್ನೆಯ ಮೇಲೂ ಅದೇ ಜಡೆ. ಆ ಕೆನ್ನೆ ಹೊತ್ತುಕೊಂಡೇ ನಾನೊಂದು ನಿಶ್ಚಿತಾರ್ಥಕ್ಕೆ ಹೋಗಿದ್ದೇನೆ.

ಆದರೆ ವಿದ್ಯೆಯ ವಿಷಯದಲ್ಲಿ ಅತ್ತಿಗೆಯನ್ನು ಹಗುರವಾಗಿ ಕಾಣುವ ಹಾಗಿಲ್ಲ. 8 ನಂಬರಿನ ಸೂಜಿ 4 ಮಿಲಿಮೀಟರ್ ದಪ್ಪ, 10 ನಂಬರಿನದು ಮೂರೂಕಾಲು. ನಂಬರು ಏರಿದಷ್ಟೂ ಸೂಜಿ ಸಣಕಲು. ಇದ್ಯಾವ ನ್ಯಾಯ ಎಂದು ಕೇಳಿದ್ದಕ್ಕೆ, "ಸಂಬಳ ಏರಿದ ಹಾಗೆ ನಿಮ್ಮಣ್ಣ ಮನೆಗೆ ಕೊಡೋದು ಕಡಿಮೆ ಆಗ್ಲಿಲ್ವೇ, ಹಾಗೇ" ಎಂದರು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಎಲ್ಲ ಸಾಲೂ ಸೀದಾ ಹೆಣೆದರೆ ಮಟ್ಟಸವಾಗಿ ಮಲಗುತ್ತದೆ. ಈ ಸತ್ಯ ನನಗೆ ತಿಳಿದದ್ದು ಲೋಟದ ಕೆಳಗಿನ ಹಾಸು ಸುರುಳಿಯೆದ್ದು ಕಾಫಿ ನನ್ನ ಬಿಳಿ ಪಂಚೆಯ ಮೇಲೆ ಮಗುಚಿದಾಗ. "ಅಯ್ಯೋ, ಅಂಚಿಗೆ ನಾಲ್ಕು ಸಾಲು ಸೀದಾ ಹಾಕ್ಬೇಕಿತ್ತು" ಎಂದು ಅತ್ತಿಗೆ ಹಾಸನ್ನು ನೋಡಿ ಮರುಗಿದರು. ಪಂಚೆಯನ್ನು ನೋಡಲಿಲ್ಲ.

ಒಮ್ಮೆ ಅಪ್ಪಟ ಉಣ್ಣೆಯೆಂದು ಅಂಗಡಿಯವನು ಆಣೆಯಿಟ್ಟು ಕೊಟ್ಟ ದಾರದಲ್ಲಿ, ಬಿಸಿ ಪಾತ್ರೆ ಇಡಲೆಂದು ದಪ್ಪನೆಯ ಹಾಸು ಹೆಣೆದರು. ಬೋಂಡಾ ಕರಿದ ಬಾಣಲೆಯನ್ನು ಒಲೆಯಿಂದಿಳಿಸಿ ಅದರ ಮೇಲಿಟ್ಟರು. ಬಾಣಲೆ ಎತ್ತಿದಾಗ ಹಾಸೂ ಜೊತೆಗೇ ಎದ್ದಿತು. ಉಣ್ಣೆಯ ವೇಷದಲ್ಲಿದ್ದದ್ದು ಅಕ್ರಿಲಿಕ್. ಅದು ಪ್ಲಾಸ್ಟಿಕ್ಕಿನ ಬಳಗ, ಬಿಸಿಗೆ ಕರಗುತ್ತದೆ. ಅಂದಿನಿಂದ ಯಾವ ದಾರಕ್ಕೂ ಅಗ್ನಿಪರೀಕ್ಷೆ ತಪ್ಪಿದ್ದಲ್ಲ. ತುಂಡು ದಾರಕ್ಕೆ ಬೆಂಕಿ ಸೋಕಿಸಿದಾಗ ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ. ಕರಗಿ ಕಪ್ಪು ಗುಂಡಾಗಿ ಗಟ್ಟಿಯಾದರೆ ಅಕ್ರಿಲಿಕ್. ಈ ಪರೀಕ್ಷೆಯನ್ನು ಚಿಕ್ಕಪೇಟೆಯ ನಡುಬೀದಿಯಲ್ಲಿ, ಸುತ್ತ ಜವಳಿ ಅಂಗಡಿಗಳಿರುವಾಗ, ನನ್ನ ಕೈಗೆ ಬೆಂಕಿಪೊಟ್ಟಣ ಕೊಟ್ಟು ಮಾಡಿಸಿದ್ದಾರೆ. ಆಮೇಲೆ ಓಡಿದವನು ನಾನು. ಅವರು ಚೌಕಾಸಿ ಮುಗಿಸಿಕೊಂಡು ನಿಧಾನವಾಗಿ ಬಂದರು.

ಈಚೆಗೆ ಅಂಗಡಿಯ ದಾರವೂ ಸಾಲದೆ, ಕಣ್ಣಿಗೆ ಬಿದ್ದದ್ದೆಲ್ಲ ದಾರ. ಚಳ್ಳಕೆರೆ ಕಡೆ ಹೋದವರು ಕಂಬಳಿ ನೇಯುವವರ ಹತ್ತಿರ ದಖನಿ ಕುರಿಯ ಕರಿ ಉಣ್ಣೆಯ ನೂಲು ತಂದರು. ಹುಣಸೆ ಬೀಜದ ಗಂಜಿ ಕುಡಿದು ಮಗ್ಗಕ್ಕೇರಿ ಕಂಬಳಿಯಾಗಬೇಕಿದ್ದ ಒರಟು ನೂಲು ಅದು. ಅತ್ತಿಗೆ ಅದರಲ್ಲಿ ಕುರ್ಚಿಗೆ ಹಾಸು ಹೆಣೆದರು. ಅದರ ಮೇಲೆ ಯಾವ ಅತಿಥಿಯೂ ಹೆಚ್ಚು ಹೊತ್ತು ಕೂರುವುದಿಲ್ಲ. ಅಣ್ಣ ಮೆಚ್ಚಿದ ಏಕೈಕ ಹೆಣಿಗೆ ಅದು.

ಅವನಿಗೆ ಹೊಟ್ಟೆಯುರಿಯಿರುವುದು ಬನಿಯನ್ ವಿಷಯದಲ್ಲಿ. ಹಳೆಯ ಬನಿಯನ್ನನ್ನು ಕೆಳಗಿನ ಅಂಚಿನಿಂದ ಕಂಕುಳವರೆಗೆ ಸುತ್ತುಸುತ್ತಾಗಿ ಒಂದೇ ಪಟ್ಟಿ ಕತ್ತರಿಸಿ ಜಗ್ಗಿದರೆ, ಅಂಚುಗಳು ಒಳಕ್ಕೆ ಸುರುಳಿಯಾಗಿ ದಪ್ಪ ದಾರ ಸಿಗುತ್ತದೆ. ಯಾಕೆಂದರೆ ಬನಿಯನ್ ನೇಯ್ದದ್ದಲ್ಲ, ಅದೂ ಹೆಣಿಗೆಯೇ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಅದರ ವಂಶದ ಯಂತ್ರಗಳು ಇವತ್ತು ತಿರುಪ್ಪೂರಿನಲ್ಲಿ ಅಣ್ಣನ ಬನಿಯನ್ ಹೆಣೆಯುತ್ತವೆ. "ಯಂತ್ರ ಹೆಣೆದದ್ದನ್ನ ಬಿಚ್ಚಿ ನಾನು ಸರಿಯಾಗಿ ಹೆಣೀತಿದೀನಿ ಅಷ್ಟೆ" ಎಂದು ಅತ್ತಿಗೆಯ ವಾದ. ಬನಿಯನ್ ಹಳೆಯದಾಯಿತೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ವ್ಯಾಜ್ಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅಣ್ಣ ಬನಿಯನ್ ಎಲ್ಲೇ ಎಂದು ಕೂಗುತ್ತಾನೆ, ಅದರ ಮೇಲೇ ಕಾಲೊರೆಸಿಕೊಳ್ಳುತ್ತಾ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಲಡಿ.

ಉಲ್ಲನ್ ಉಂಡೆಯಾಗಿ ಬಂದರೆ ಭಯವಿಲ್ಲ. ಉಂಗುರದ ಹಾಗೆ ಸುತ್ತಿದ ಲಡಿಯಾಗಿ ಬಂದರೆ, ಇಲ್ಲವೆ ಹಳೆಯ ಸ್ವೆಟರ್ ಬಿಚ್ಚಿದರೆ, ಕಷ್ಟಕಾಲ. ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿರುತ್ತದೆ. ಅದನ್ನು ಲಡಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ತುದಿಗೆ ಭಾರ ಇಳಿಬಿಟ್ಟು ಒಣಗಿಸಿದರೆ ನೆಟ್ಟಗಾಗುತ್ತದೆ. ನೀರು ಸುಡಬಾರದು, ತಿಕ್ಕಲೂಬಾರದು. ಹಾಗೆ ಮಾಡಿದರೆ ಉಣ್ಣೆಯ ಎಳೆಗಳ ಮೈಮೇಲಿನ ಪೊರೆಗಳು ಒಂದನ್ನೊಂದು ಕಚ್ಚಿಕೊಂಡು ಎಲ್ಲ ಸೇರಿ ಮುದ್ದೆಯಾಗುತ್ತದೆ. ಒಣಗಿದ ಲಡಿಯಿಂದ ಉಂಡೆ ಸುತ್ತುವಾಗ ಲಡಿ ಹಿಡಿಯಲು ಎರಡು ಕೈ ಬೇಕು. ಆ ಕೈ ಅಷ್ಟು ಹೊತ್ತಿಗೆ ಬಾಗಿಲು ತಟ್ಟಿದವನದು.

2011ರ ಏಪ್ರಿಲ್ 2, ಶನಿವಾರ. ವಾಂಖೆಡೆಯಲ್ಲಿ ವಿಶ್ವಕಪ್ ಫೈನಲ್. ಶ್ರೀಲಂಕಾ 274 ಹೊಡೆದಿತ್ತು. ನಮ್ಮ ಕಡೆ ಸೆಹ್ವಾಗ್ ಎರಡನೇ ಎಸೆತಕ್ಕೇ ಹೋದ, ಸಚಿನ್ 18ಕ್ಕೆ ಹೋದ. ಅಣ್ಣನ ಮನೆಯಲ್ಲಿ ಸೂತಕ. ಅತ್ತಿಗೆ ನನ್ನೆದುರು ಸ್ಟೂಲು ಎಳೆದುಕೊಂಡು, "ಹೇಗೂ ಸೋಲ್ತಾರೆ, ಒಂದ್ನಿಮಿಷ ಕೈ ಚಾಚಪ್ಪ" ಎಂದು ಮೆರೂನ್ ಬಣ್ಣದ ಲಡಿಯನ್ನು ನನ್ನ ಎರಡೂ ಮಣಿಕಟ್ಟಿಗೆ ತೊಡಿಸಿದರು. ಆಗ ಕೊಹ್ಲಿ, ಗಂಭೀರ್ ಕಚ್ಚಿಕೊಂಡು ನಿಂತರು. ಹತ್ತು ಓವರ್ ಕಳೆದರೂ ವಿಕೆಟ್ ಬೀಳಲಿಲ್ಲ. ಅಣ್ಣ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರ ಪಾಠ ಕೇಳಿ ಮೂಢನಂಬಿಕೆಗಳನ್ನೆಲ್ಲ ತೊರೆದವನು. ಅವನೇ ಪಿಸುಗುಟ್ಟಿದ: "ಅಲ್ಲಾಡಬೇಡ ಕಣೋ. ನೀನು ಲಡಿ ಹಿಡಿದಾಗಿಂದ ವಿಕೆಟ್ ಬಿದ್ದಿಲ್ಲ."

ಲಡಿ ಮುಗಿಯಿತು, ಕೈ ಇಳಿಸಿದೆ. ಕೊಹ್ಲಿ ಔಟ್. ಮನೆಯವರೆಲ್ಲ ನನ್ನ ಕಡೆ ತಿರುಗಿದರು. ನಾನೇ ಎರಡನೇ ಲಡಿ ಕೇಳಿ ಹಾಕಿಸಿಕೊಂಡೆ. ಗಂಭೀರ್ 97ಕ್ಕೆ ಬಂದಾಗ ನನ್ನ ಮೂಗು ತುರಿಸಿತು. ಒಂದು ಕೈ ಬಿಡಿಸಿಕೊಂಡೆನೋ ಇಲ್ಲವೋ, ಪೆರೇರಾ ಅವನನ್ನು ಬೌಲ್ಡ್ ಮಾಡಿದ. ಆ ಶತಕ ತಪ್ಪಿಸಿದ ಪಾಪ ಇವತ್ತಿಗೂ ನಮ್ಮ ಬಳಗದಲ್ಲಿ ನನ್ನ ಲೆಕ್ಕದಲ್ಲಿದೆ. ಕೊನೆಗೆ ಲಡಿಗಳೇ ಖಾಲಿಯಾದಾಗ, ಅಣ್ಣನ ಅಪ್ಪಣೆಯಂತೆ, ಸುತ್ತಿದ್ದ ಉಂಡೆಯನ್ನೇ ಅತ್ತಿಗೆ ಮತ್ತೆ ನನ್ನ ಕೈಗೆ ಲಡಿಯಾಗಿ ಸುತ್ತಿದರು. ಕುಲಶೇಖರ ಎಸೆದ ಚೆಂಡನ್ನು ಧೋನಿ ಲಾಂಗ್ ಆನ್ ಮೇಲೆ ಎತ್ತಿ ಹೊಡೆದ. ಇಪ್ಪತ್ತೆಂಟು ವರ್ಷದ ಮೇಲೆ ಇಡೀ ದೇಶ ಎರಡೂ ಕೈ ಮೇಲೆತ್ತಿತು. ನಾನೂ ಎತ್ತಿದೆ. ಗಾಂಧಿ ಬಜಾರಿನಲ್ಲಿ ಪಟಾಕಿ ಮುಗಿದರೂ ನಾನು ಗಂಟು ಬಿಡಿಸುತ್ತಿದ್ದೆ. ಅರ್ಧ ಬಿಡಿಸಿದ ಮೇಲೆ, ಇದು ನನ್ನದೇ ಕಾಲೇಜು ಕಾಲದ ಸ್ವೆಟರ್ ಎಂದು ಗುರುತು ಹತ್ತಿತು.

ಅಮೆರಿಕದಲ್ಲಿರುವ ಅಣ್ಣನ ಮಗ ನನ್ನ ಪಾಡು ನೋಡಲಾರದೆ ಎರಡು ಸಲಕರಣೆ ಕಳಿಸಿದ. ಒಂದು, ಲಡಿ ತೊಡಿಸಲು ಬಿಚ್ಚಿ ಮಡಿಸುವ ಮರದ ತಿರುಗಣೆ. ಇನ್ನೊಂದು, ಮೇಜಿನ ಅಂಚಿಗೆ ಕಚ್ಚಿಸುವ ಪುಟ್ಟ ಯಂತ್ರ. ಹಿಡಿ ತಿರುಗಿಸಿದರೆ ನಾಲ್ಕು ನಿಮಿಷದಲ್ಲಿ ಅಚ್ಚುಕಟ್ಟಾದ ಉಂಡೆ. ನನಗೆ ಬಿಡುಗಡೆಯಾಯಿತೆಂದು ಸಂಭ್ರಮಪಟ್ಟೆ. ಮುಂದಿನ ಸಲ ಹೋದಾಗ ಎರಡಕ್ಕೂ ಕವರ್ ಹೆಣೆದು ಮೂಲೆಯಲ್ಲಿ ಕೂರಿಸಿದ್ದರು. "ಅದು ಸುತ್ತತ್ತೆ, ಇಲ್ಲ ಅನ್ನಲ್ಲ. ಹ್ಞೂಂ ಅನ್ನಲ್ವಲ್ಲ. ಕೈ ಚಾಚು."

ಚಾಚಿದೆ. ಕೈಗೆ ಲಡಿ ಹಾಕಿಸಿಕೊಂಡವನು ಮೊಬೈಲ್ ಹಿಡಿಯಲಾರ, ಗಡಿಯಾರ ತಿರುಗಿಸಿ ನೋಡಲಾರ, ಕೆಲಸವಿದೆಯೆಂದು ಏಳಲಾರ. ಸುತ್ತುವವರು ಎದುರಿಗೇ, ಒಂದು ಮಾರು ದೂರದಲ್ಲಿ. ಎಳೆ ಹೊರಡುವ ಕಡೆಗೆ ಒಮ್ಮೆ ಎಡಗೈ, ಒಮ್ಮೆ ಬಲಗೈ ಬಗ್ಗಿಸುತ್ತಿರಬೇಕು. ಹಾಗೆ ಬಗ್ಗಿಸುತ್ತಾ ಕೇಳುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಅಣ್ಣ ಬಿ.ಪಿ. ಮಾತ್ರೆ ನುಂಗದೆ ಕಿಟಕಿಯಾಚೆ ಎಸೆಯುವುದು, ಮಗ ಇನ್ನು ಊರಿಗೆ ವಾಪಸು ಬರುವ ಯೋಚನೆ ಬಿಟ್ಟಿರುವುದು, ಮನೆಯನ್ನು ಬಿಲ್ಡರಿಗೆ ಕೊಡಿ ಎಂದು ಅವನೇ ಹೇಳುತ್ತಿರುವುದು, ಎಲ್ಲ ನನಗೆ ಗೊತ್ತಾದದ್ದು ಲಡಿ ಹಿಡಿದಾಗಲೇ. ಮುಖ ನೋಡಿ ಹೇಳಲಾಗದ್ದನ್ನು ಅತ್ತಿಗೆ ದಾರ ನೋಡುತ್ತಾ ಹೇಳಿದರು. ಮನೆಯಲ್ಲಿ ಎಲ್ಲವನ್ನೂ ಮುಚ್ಚಿಡುವ ಹೆಂಗಸು ಒಂದಿಷ್ಟು ಬಿಚ್ಚುವುದು ಆ ಹೊತ್ತಿನಲ್ಲಿ ಮಾತ್ರ. ಮಗನ ಕೈಗೆ ಲಡಿ ಹಾಕಿ ಕೂರಿಸಲು ಸಾಧ್ಯವಾಗಿದ್ದರೆ ಬಹುಶಃ ಅವನಿಗೂ ಹೇಳುತ್ತಿದ್ದರು. ವಿಡಿಯೋ ಕಾಲ್‌ನಲ್ಲಿ ಅವನಿಗೆ ತೋರಿಸುವುದು ಹೊಸ ದಿಂಬಿನ ಕವರುಗಳನ್ನಷ್ಟೆ.

ನಿಮ್ಮ ಬಳಗದಲ್ಲೂ ಇಂಥವರೊಬ್ಬರು ಖಂಡಿತ ಇರುತ್ತಾರೆ, ಹೋಗಿಬನ್ನಿ. ಬಾಗಿಲಲ್ಲೇ ಒಮ್ಮೆ ಮೂಗು ಚೆನ್ನಾಗಿ ತುರಿಸಿಕೊಂಡು ಒಳಗೆ ಹೋಗಿ. ಮೊಬೈಲನ್ನು ಚಪ್ಪಲಿ ಗೂಡಿನ ಮೇಲೆ ಬಿಟ್ಟರೂ ನಷ್ಟವಿಲ್ಲ. ಎಳೆ ತೀರಾ ಸರಾಗವಾಗಿ ಓಡುತ್ತಿದ್ದರೆ ಮಣಿಕಟ್ಟನ್ನು ತುಸು ಓರೆ ಮಾಡಿ, ಗಂಟು ಬೀಳುತ್ತದೆ. ಗಂಟು ಬಿದ್ದರೆ ಇನ್ನೊಂದು ಕಾಫಿ ಗ್ಯಾರಂಟಿ. ಕೈ ಎರಡೂ ಸಿಕ್ಕಿಕೊಂಡಿರುವಾಗ ಕುಡಿಯುವುದು ಹೇಗೆಂದು ಯೋಚಿಸಬೇಡಿ. ನಮ್ಮಲ್ಲಿ ಆ ಕೆಲಸ ಅಣ್ಣನದು. ಕರೆದ ಕೂಡಲೇ ಬರುತ್ತಾನೆ, ಬನಿಯನ್ ಸಿಗದಿದ್ದರೂ.