ವಾನಪ್ರಸ್ಥವೂ ಹದ್ದುಬಸ್ತೂ: ನಿವೃತ್ತರ ಸೇವಾವಧಿ ವಿಸ್ತರಣೆ ಕುರಿತು ಒಂದು ಶಾಸ್ತ್ರವಿಚಾರ

ನೌಕರನಾದವನು ವಯಸ್ಸಾದ ಮೇಲೆ ನಿವೃತ್ತನಾಗುತ್ತಾನೆ ಎಂಬುದು ಲೋಕದ ನಂಬಿಕೆ. ಕರ್ನಾಟಕ ಸರ್ಕಾರದ ಸೇವಾ ನಿಯಮಗಳೂ ಇದನ್ನೇ ನಂಬಿವೆ. 60 ತುಂಬಿದ ತಿಂಗಳ ಕೊನೆಯ ದಿನ ಸಂಜೆ ಕಚೇರಿಯವರು ಪೇಟ ತೊಡಿಸಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೈಗಿತ್ತು ಕಳಿಸಿಬಿಡುತ್ತಾರೆ. ಈ ನಂಬಿಕೆ ನಿರಾಧಾರವೆಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಸಾಧನೆಗೆ ಆರಿಸಿಕೊಂಡ ಕ್ಷೇತ್ರ ಮೈಸೂರು ಜಿಲ್ಲೆಯ ಪಡುವಣ ಅಂಚು: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಬೆಂಗಳೂರು, ಮೈಸೂರುಗಳಲ್ಲಿ ಪಿಂಚಣಿ ಪಡೆಯುತ್ತಿರುವವರು ಇಲ್ಲಿಗೆ ಬಂದು ಒಂದೆರಡು ಎಕರೆ ಕೊಂಡು, ಕೆಂಪು ಹೆಂಚಿನ ಮನೆ ಕಟ್ಟಿ, ಗೇಟಿಗೆ ಮೊಮ್ಮಗಳ ಹೆಸರಿಡುವುದನ್ನು ಎಲ್ಲರೂ ಕಂಡಿದ್ದಾರೆ. ಇದು ವಿಶ್ರಾಂತಿಗಾಗಿ ಎಂದು ಅವರೂ ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಇಬ್ಬರೂ ತಪ್ಪು. ನಿವೃತ್ತನು ಜಮೀನು ಕೊಳ್ಳುವುದು ಕಡತದ ಅಗಲಿಕೆಯನ್ನು ತಾಳಲಾರದೆ. ಅದು ಅವನು ಸ್ವಂತ ಗ್ರಾಚ್ಯುಟಿಯಿಂದ ತನಗೆ ತಾನೇ ಮಂಜೂರು ಮಾಡಿಕೊಂಡ ಸೇವಾವಧಿ ವಿಸ್ತರಣೆ.

ಮೊದಲು ಪೂರ್ವಾಚಾರ್ಯರ ಮತವನ್ನು ಪರಿಶೀಲಿಸೋಣ. ಚರ್ಮ ಸುಕ್ಕಾಗಿ, ಕೂದಲು ನರೆತು, ಮೊಮ್ಮಗುವಿನ ಮುಖ ಕಂಡ ಗೃಹಸ್ಥ ಕಾಡಿಗೆ ಹೊರಡಬೇಕೆಂದು ಮನು ವಿಧಿಸಿದ್ದಾನೆ. ಕಾಡಿನಂಚಿನ ಸರ್ವೆ ನಂಬರಿನ ಬಗ್ಗೆ ಅವನು ಏನೂ ಹೇಳಿಲ್ಲ. ಶಾಸ್ತ್ರದಲ್ಲಿ ಇದೊಂದು ದೊಡ್ಡ ಕೊರತೆ. ಚಂದ್ರಗುಪ್ತ ಮೌರ್ಯ ರಾಜ್ಯ ಬಿಟ್ಟು ಭದ್ರಬಾಹುವಿನ ಜೊತೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡನೆಂದು ಜೈನ ಪರಂಪರೆ ಹೇಳುತ್ತದೆ. ಉತ್ತರದಿಂದ ಈ ಸೀಮೆಗೆ ಬಂದ ನಿವೃತ್ತರಲ್ಲಿ ಅವನೇ ಮೊದಲಿಗನಿರಬೇಕು. ಆದರೆ ಒಂದು ಗುಂಟೆಯನ್ನೂ ಕೊಳ್ಳಲಿಲ್ಲವಾಗಿ ಅವನ ಹೆಸರು ಯಾವ ಪಹಣಿಯಲ್ಲೂ ಇಲ್ಲ, ನಮ್ಮ ಅಧ್ಯಯನಕ್ಕೆ ಒದಗುವುದೂ ಇಲ್ಲ. ಕ್ರಿ.ಶ. 305ರಲ್ಲಿ ಅಧಿಕಾರ ಬಿಟ್ಟ ರೋಮಿನ ಡಯೋಕ್ಲೀಷಿಯನ್ ಸಮುದ್ರದ ದಡದಲ್ಲಿ ಅರಮನೆ ಕಟ್ಟಿಸಿಕೊಂಡು ಕೋಸು ಬೆಳೆದನಂತೆ. ಇವನು ನಮಗೆ ಹತ್ತಿರದವನು. ಇಂದಿನ ಪಾಶ್ಚಾತ್ಯ ನಿವೃತ್ತರೂ ಬೆಚ್ಚನೆಯ ದ್ವೀಪ ಹುಡುಕಿಕೊಂಡು ಹೋಗುತ್ತಾರೆ. ಮೈಸೂರು ಜಿಲ್ಲೆಗೆ ಸಮುದ್ರವಿಲ್ಲದ ಕಾರಣ ಆ ಜವಾಬ್ದಾರಿಯನ್ನು ಕಬಿನಿ ಮತ್ತು ಕೆಆರ್‌ಎಸ್ ಹಿನ್ನೀರುಗಳು ಹೊತ್ತುಕೊಂಡಿವೆ.

ಈಗ ಕಾನೂನಿನ ಚರಿತ್ರೆ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಿದ್ದಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಉಳುವವನೇ ಒಡೆಯನಾದ; ಉಳದವನು ಕೊಳ್ಳದಂತೆ 79ಎ, 79ಬಿ ಕಲಮುಗಳು ಅಡ್ಡ ನಿಂತವು. ಕೃಷಿಕರಲ್ಲದವರು ಕೊಳ್ಳುವಂತಿಲ್ಲ, ಬೇರೆ ಮೂಲದ ಆದಾಯ ಮಿತಿ ಮೀರಿದವರೂ ಕೊಳ್ಳುವಂತಿಲ್ಲ. ಈ ಆದಾಯ ಮಿತಿ 2015ರಲ್ಲಿ 25 ಲಕ್ಷಕ್ಕೆ ಏರಿತು. ಈ ಕಾಲವನ್ನು ನಾವು ಪ್ರಮಾಣಪತ್ರ ಯುಗವೆಂದು ಕರೆಯಬಹುದು. ವಂಶವೃಕ್ಷಶಾಸ್ತ್ರ ಇಷ್ಟು ಬೆಳೆದ ಇನ್ನೊಂದು ಯುಗ ಕನ್ನಡ ನಾಡಿನ ಚರಿತ್ರೆಯಲ್ಲಿಲ್ಲ. ಜೀವಮಾನವೆಲ್ಲ ಲೆಡ್ಜರ್ ಬರೆದವರು, ರೈಲ್ವೆ ಟಿಕೆಟ್ ಕೊಟ್ಟವರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು, ನಿವೃತ್ತಿಯ ವರ್ಷದಲ್ಲೇ ತಮ್ಮ ತಾತ ರಾಗಿ ಬೆಳೆಯುತ್ತಿದ್ದುದನ್ನು ಕಂಡುಹಿಡಿದರು. ತಾತ ಬದುಕಿದ್ದಾಗ ಅವನ ಹೊಲದ ಕಡೆ ತಲೆ ಹಾಕದಿದ್ದವರೂ ಕೈಬರಹದ ಪಹಣಿಯ ನಕಲಿನಲ್ಲಿ ಅವನ ಹೆಸರು ಕಂಡಾಗ ಗದ್ಗದಿತರಾದರು. 2020ರ ತಿದ್ದುಪಡಿ ಈ ಕಲಮುಗಳನ್ನು ತೆಗೆದುಹಾಕಿತು. ಅದೂ 1974ರ ಮಾರ್ಚ್ 1ರಿಂದಲೇ ಅನ್ವಯವಾಗುವಂತೆ, ಅಂದರೆ ಅವು ಎಂದೂ ಇರಲೇ ಇಲ್ಲವೆನ್ನುವಂತೆ. ನಲವತ್ತಾರು ವರ್ಷಗಳ ತಾತಾನ್ವೇಷಣೆ ಒಂದೇ ಸಹಿಯಲ್ಲಿ ಅನಗತ್ಯವಾಯಿತು. ವಿಶ್ರಾಂತಿಯೇ ಗುರಿಯಾಗಿದ್ದರೆ ನಿವೃತ್ತರು ಇದರಿಂದ ಹಗುರಾಗಿ ಆರಾಮ ಕುರ್ಚಿ ಸೇರಬೇಕಿತ್ತು. ಹಾಗಾಗಲಿಲ್ಲ. ಅವರು ಮಿಕ್ಕ ಕಾಗದಗಳ ಕಡೆ ತಿರುಗಿದರು.

ಆ ಮಿಕ್ಕ ಕಾಗದಗಳಲ್ಲೇ ನಮ್ಮ ಪ್ರಮೇಯದ ತಿರುಳಿದೆ. ಊರಿನ ರೈತ ಜಮೀನನ್ನು ಬದುವಿನಿಂದ, ಹುಣಸೆಮರದಿಂದ, ದಾಯಾದಿಯ ಜಗಳದಿಂದ ಗುರುತಿಸುತ್ತಾನೆ. ನಿವೃತ್ತನಿಗೆ ಅದೇ ಜಮೀನು ಪಹಣಿ, ಮ್ಯುಟೇಷನ್, ಇಸಿ, ಟಿಪ್ಪಣಿ, ಆಕಾರಬಂದ್, 11ಇ ನಕ್ಷೆ, ಪೋಡಿ, ಹದ್ದುಬಸ್ತು ಎಂಬ ಎಂಟು ರೂಪಗಳಲ್ಲಿ ಕಾಣಿಸುತ್ತದೆ. ಮಣ್ಣು ಒಂಬತ್ತನೆಯದು, ಬೇಕಾದರೆ ನೋಡಬಹುದು. ಅವನ ಮೊದಲ ಬೆಳೆ ಪಹಣಿಯಲ್ಲಿನ ತಪ್ಪು. 9ನೇ ಕಾಲಂನಲ್ಲಿ ಅವನ ಇನಿಷಿಯಲ್ ಒಂದಕ್ಕೆ ಇನ್ನೊಂದಾಗಿರುತ್ತದೆ. ಬೇರೆ ಯಾರಾದರೂ ಇದಕ್ಕೆ ನೊಂದುಕೊಂಡಾರು. ನಿವೃತ್ತನ ಮುಖದಲ್ಲಿ ಅಂದು ಕಾಣುವ ಕಳೆ ನಿವೃತ್ತಿಯ ದಿನದ ಫೋಟೋದಲ್ಲೂ ಇರುವುದಿಲ್ಲ. ಅರ್ಜಿ ಬರೆಯಬೇಕು, ಉಲ್ಲೇಖ ನಮೂದಿಸಬೇಕು, ಲಗತ್ತುಗಳನ್ನು ದೃಢೀಕರಿಸಬೇಕು, ನಾಡಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು, ಹದಿನೈದು ದಿನ ಬಿಟ್ಟು ಜ್ಞಾಪನ ಪತ್ರ ಬರೆಯಬೇಕು. ಆಮೇಲೆ 11ನೇ ಕಾಲಂನಲ್ಲಿ ಹಿಂದಿನ ಮಾಲೀಕ ಸೊಸೈಟಿಯಲ್ಲಿ ತೆಗೆದ ಸಾಲ ಇನ್ನೂ ಕೂತಿರುವುದು ಪತ್ತೆಯಾಗುತ್ತದೆ. ಅದು ಇಳಿಯುವ ಹೊತ್ತಿಗೆ ಎರಡು ಎಕರೆಯಲ್ಲಿ ಆರು ಗುಂಟೆ ಬಿ ಖರಾಬು ಎಂದು ತಿಳಿಯುತ್ತದೆ. ಅದರ ಮೇಲೆ ಬಂಡಿದಾರಿಯೂ ಹಾದುಹೋಗಿದೆ, ಮತ್ತು ಅದು ನಿವೃತ್ತನ ಅಡಿಗೆಮನೆಯ ನಡುವಿನಿಂದಲೇ. ಜಮೀನು ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದರಂತೂ 1978ರ ಪಿಟಿಸಿಎಲ್ ಕಾಯ್ದೆ ಉಪವಿಭಾಗಾಧಿಕಾರಿಯ ನ್ಯಾಯಾಲಯದವರೆಗೆ ದಾರಿ ತೋರಿಸುತ್ತದೆ. (ಆ ಕಾಯ್ದೆ ಇರುವುದು ಮಂಜೂರಾದವರ ಕೈಯಿಂದ ನೆಲ ಜಾರದಿರಲೆಂದು. ಅಲ್ಲಿ ಸೋಲಬೇಕಾದವನು ಕೊಂಡವನೇ ಎಂಬುದನ್ನು ಶಾಸ್ತ್ರದ ತಮಾಷೆಯ ನಡುವೆಯೂ ಹೇಳಿಬಿಡಬೇಕು.) ಮೇಜಿನ ಆ ಕಡೆ ಮೂವತ್ತೈದು ವರ್ಷ ಕೂತಿದ್ದವನು ಈಗ ಈ ಕಡೆ ನಿಂತಿದ್ದಾನೆ. ಕೆಲಸ ಅದೇ, ಕುರ್ಚಿ ಮಾತ್ರ ಇಲ್ಲ.

ಇನ್ನು ಪೂರ್ವಪಕ್ಷ. ಶುದ್ಧ ಗಾಳಿಗಾಗಿ ಬರುತ್ತಾರೆ ಎನ್ನುವವರಿದ್ದಾರೆ. ಹುಣಸೂರು, ಪಿರಿಯಾಪಟ್ಟಣ ದೇಶದ ಹೊಗೆಸೊಪ್ಪಿನ ಹೆಸರಾದ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳು ಇಲ್ಲೇ ಇವೆ. ಮುಂಗಾರಿನಲ್ಲಿ ನಾಟಿಯಾದ ವರ್ಜೀನಿಯಾ ಸೊಪ್ಪು ಆಗಸ್ಟ್ ಹೊತ್ತಿಗೆ ಬ್ಯಾರನ್ ಸೇರುತ್ತದೆ, ಬ್ಯಾರನ್ನಿನ ಒಲೆಗೆ ಸೌದೆ ಬೀಳುತ್ತದೆ, ಹಗಲೂ ರಾತ್ರಿಯೂ. ಶುದ್ಧ ಗಾಳಿಯೇ ಬೇಕಿದ್ದವನು ಆಗಸ್ಟಿನಲ್ಲಿ ಬಂದು ಮೂಸಿ ನೋಡಿ ಕೊಳ್ಳುತ್ತಿದ್ದ. ಇವನು ಡಿಸೆಂಬರಿನಲ್ಲಿ ಬರುತ್ತಾನೆ, ಮೂಸುವುದು ಇಸಿಯನ್ನು.

ನೀರಿನ ನೋಟಕ್ಕಾಗಿ ಎಂಬ ಆಕ್ಷೇಪಕ್ಕೆ ಹೆಚ್ಚು ಗೌರವ ಸಲ್ಲಬೇಕು, ಏಕೆಂದರೆ ಎಚ್.ಡಿ.ಕೋಟೆಯ ಕಡೆ ಬೆಲೆ ನಿರ್ಧಾರವಾಗುವುದೇ ಅದರ ಮೇಲೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿಯಿತು, ಭೂಸುಧಾರಣೆ ಜಾರಿಯಾದ ವರ್ಷವೇ. ಪೂರ್ಣಮಟ್ಟ 2284 ಅಡಿ. ಆ ಮಟ್ಟ ವರ್ಷವಿಡೀ ನಿಲ್ಲುವುದಿಲ್ಲ. ನೀರು ನಾಲೆಗೂ ತಮಿಳುನಾಡಿಗೂ ಹೋಗಬೇಕು. ಏಪ್ರಿಲ್ ಹೊತ್ತಿಗೆ ಹಿನ್ನೀರು ಬಹುದೂರ ಹಿಂದೆ ಸರಿದು ಬಯಲಲ್ಲಿ ಹಸಿ ಹುಲ್ಲು ಚಿಗುರುತ್ತದೆ, ನಾಗರಹೊಳೆ ಬಂಡೀಪುರಗಳ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ದ್ವೀಪದ ಮನೆಯೆಂದು ಕೊಂಡದ್ದು ಆರು ತಿಂಗಳಲ್ಲಿ ಆನೆ ಗೋಮಾಳದ ಮನೆಯಾಗಿರುತ್ತದೆ. ಆಗ ನಿವೃತ್ತ ಏನು ಮಾಡುತ್ತಾನೆ? ಓಡಿಹೋಗುವುದಿಲ್ಲ. ಕಂದಕ, ಸೌರಬೇಲಿ, ರೈಲುಕಂಬಿ ತಡೆಗೋಡೆಗಳಿಗಾಗಿ ಅರಣ್ಯ ಇಲಾಖೆಗೆ ಅರ್ಜಿ ಹಾಕುತ್ತಾನೆ. ಕಂದಾಯ ಇಲಾಖೆಯ ಜೊತೆಗೆ ಇನ್ನೊಂದು ಇಲಾಖೆ ಸಿಕ್ಕಿತು. ಇದೇ ದಡದ ಹಳ್ಳಿಗಳು ಅಣೆಕಟ್ಟೆಗಾಗಿ ಮುಳುಗಿದವು, ಇದೇ ಕಾಡಿನ ಜೇನುಕುರುಬರನ್ನು ಉದ್ಯಾನಕ್ಕಾಗಿ ಹೊರಗೆ ತಂದು ಹುಣಸೂರಿನ ನಾಗಾಪುರದಲ್ಲಿ ಇರಿಸಿದರು. ಅವರೂ ಅರ್ಜಿ ಹಾಕುತ್ತ ಬಂದಿದ್ದಾರೆ. ನೋಟವನ್ನು ಬಲ್ಲವರು ಹೊರಗೆ, ಕೊಂಡವರು ಒಳಗೆ. ಈ ಅದಲುಬದಲಿಗೆ ನಮ್ಮ ಪ್ರಮೇಯದಲ್ಲಿ ಜಾಗವಿಲ್ಲ, ಆದರೆ ಪಹಣಿಯಲ್ಲಿದೆ.

ಮೂರನೆಯವರು ಕೃಷಿಪ್ರೇಮವನ್ನು ಮುಂದೊಡ್ಡುತ್ತಾರೆ. ಕೆ.ಆರ್.ನಗರದ ಕಡೆ, ಚಾಮರಾಜ ನಾಲೆಯ ಕೆಳಗೆ, ಭತ್ತದ ಗದ್ದೆಗಳಿವೆ. ಪ್ರೇಮವಿದ್ದವನಿಗೆ ಕೆಸರಿಗೇನೂ ಬರವಿಲ್ಲ. ಆದರೆ ಸಾಮಾನ್ಯವಾಗಿ ಕಾಣುವುದು ಬೇರೆ: ಒಂದು ಎಕರೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟು, ಉಳಿದದ್ದರಲ್ಲಿ ಬೆಣ್ಣೆಹಣ್ಣಿನ ಹತ್ತು ಸಸಿ ನೆಟ್ಟು, ಬೆಳೆ ಸಮೀಕ್ಷೆಯವರು ಬಂದಾಗ ಲಾನಿನ ಹುಲ್ಲನ್ನು 12ನೇ ಕಾಲಂನಲ್ಲಿ ಏನೆಂದು ಬರೆಸಬೇಕೆಂದು ಚರ್ಚಿಸುವುದು. ಈ ಆಕ್ಷೇಪವನ್ನು ಪರೀಕ್ಷಿಸಲು ಚರಿತ್ರೆಯೇ ಒಂದು ತುಲನೆಯನ್ನು ಒದಗಿಸಿದೆ. 1960ರ ಆಸುಪಾಸಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿನಿಂದ ನಿರಾಶ್ರಿತರು ಬಂದರು. ಹಿಮದ ನಾಡಿನವರಿಗೆ ಸೆಕೆ ಹೊಸದು, ಆನೆ ಹೊಸದು, ಜೋಳ ಹೊಸದು. ಕುರುಚಲು ಕಾಡು ಕಡಿದು ಮುಸುಕಿನ ಜೋಳ ಬೆಳೆದು ಅವರು ಅಲ್ಲೇ ನೆಲೆ ನಿಂತರು. ಹೊರಗಿನಿಂದ ಬಂದವರು ಈ ಮಣ್ಣಿನಲ್ಲಿ ಕೃಷಿ ಮಾಡಲಾರರು ಎಂಬ ವಾದ ಇದರಿಂದ ಬಿದ್ದುಹೋಯಿತು. ಅವರಿಗೆ ಪಿಂಚಣಿ ಇರಲಿಲ್ಲ ಎಂಬ ವ್ಯತ್ಯಾಸವೊಂದನ್ನು ಬಿಟ್ಟರೆ ಹೋಲಿಕೆ ನಿರ್ದುಷ್ಟವಾಗಿದೆ.

ಕೊನೆಯ ಆಕ್ಷೇಪ ಗಟ್ಟಿಯಾದದ್ದು: ಇದು ಸೇವೆಯೇ ಆಗಿದ್ದರೆ ಸೇವೆಗೊಂದು ಅಂತ್ಯವಿರಬೇಕಲ್ಲ, ಇದಕ್ಕೆ ಎಲ್ಲಿದೆ? ಇರುವಂತೆ ಕಾಣುವುದಿಲ್ಲ, ಮತ್ತು ಅದೇ ನಮ್ಮ ಪ್ರಬಲ ಸಾಕ್ಷ್ಯ. ನಿವೃತ್ತ ತೀರಿಕೊಂಡ ಮೇಲೆ ಪೌತಿ ಖಾತೆಯಾಗಬೇಕು. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಸಿಡ್ನಿಯಲ್ಲಿ. ಅನಿವಾಸಿಯಾದ ಅವರು ಕೃಷಿ ಭೂಮಿ ಕೊಳ್ಳುವಂತಿಲ್ಲ, ಆದರೆ ವಾರಸುದಾರಿಕೆಯಿಂದ ಪಡೆಯಬಹುದು. ವಂಶವೃಕ್ಷ ಮತ್ತೆ ಬೇಕಾಗುತ್ತದೆ. ಮರಣ ಪ್ರಮಾಣಪತ್ರದಲ್ಲಿ ಇನಿಷಿಯಲ್ ಸರಿಯಿದೆ, ಪಹಣಿಯಲ್ಲಿ ಇನ್ನೂ ತಪ್ಪಾಗಿಯೇ ಇದೆ. ಅಧಿಕಾರ ಪತ್ರಕ್ಕೆ ರಾಯಭಾರ ಕಚೇರಿಯ ಮುದ್ರೆ ಬೇಕು. ಸಾಫ್ಟ್‌ವೇರಿನವನಾದ ಮಗ ಅಲ್ಲಿನ ನಡುರಾತ್ರಿಯಲ್ಲಿ ಎದ್ದು ನಾಡಕಚೇರಿಗೆ ಫೋನು ಹಚ್ಚಿ ಸ್ವೀಕೃತಿ ಸಂಖ್ಯೆ ಓದಿ ಹೇಳುತ್ತಾನೆ. ಸೇವೆಯಲ್ಲಿರುವಾಗಲೇ ನೌಕರ ಮೃತನಾದರೆ ಅವನ ಮಕ್ಕಳಲ್ಲೊಬ್ಬರಿಗೆ ಅನುಕಂಪದ ಆಧಾರದ ಮೇಲೆ ನೌಕರಿ ಕೊಡುವ ಪದ್ಧತಿ ನಮ್ಮ ಸರ್ಕಾರದಲ್ಲಿದೆ. ಮಗನಿಗೆ ಸಿಕ್ಕಿರುವುದು ಅದೇ ಹುದ್ದೆ, ಮತ್ತು ಅವನು ಈಗಾಗಲೇ ಕೆಲಸಕ್ಕೆ ಹಾಜರಾಗಿದ್ದಾನೆ.