ಜಾಲತಾಣಲಕ್ಷಣ: ಎರಿಹೊಲ ಪಂಥದ ಭಾಷ್ಯ

ಬಳಸಲು ಹಗುರಾದ ಜಾಲತಾಣ ಯಾವುದು ಎಂಬ ಬಗ್ಗೆ ಶಾಸ್ತ್ರಕಾರರಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಪರದೇಶದ್ದು. ಐದು ಮಂದಿ ಬಳಕೆದಾರರನ್ನು ಕೂರಿಸಿ ಪರೀಕ್ಷಿಸಿದರೆ ಶೇ 85ರಷ್ಟು ದೋಷಗಳು ಸಿಕ್ಕಿಬೀಳುತ್ತವೆ ಎಂದು ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ 2000ದಲ್ಲಿ ಸಾರಿದರು. ಎರಡನೆಯದು ಧಾರವಾಡ ಜಿಲ್ಲೆಯ ಎರಿಹೊಲ ಪಂಥ. ಇದು ತಹಶೀಲ್ದಾರ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ಹುಟ್ಟಿತು. ಕುಂದಗೋಳದಂಥ ಊರಿನ ಅಂಗಡಿಯಲ್ಲಿ ಒಂದೇ ಕುರ್ಚಿಯ ಬೆನ್ನಿಗೆ ಐದು ಮಂದಿ ರೈತರು ಯಾವಾಗಲೂ ನಿಂತೇ ಇರುತ್ತಾರೆ, ಕರೆಸಬೇಕಾಗಿಲ್ಲ. ಆದರೆ ಅವರಲ್ಲಿ ಒಬ್ಬರೂ ಬಳಕೆದಾರರಲ್ಲ. ಮೌಸು ಅಂಗಡಿ ಹುಡುಗನ ಕೈಯಲ್ಲಿದೆ. ನೀಲ್ಸನ್ ಎಡವಿದ್ದು ಇಲ್ಲೇ.

ಆದ್ದರಿಂದ ಪ್ರಥಮ ಸೂತ್ರ: ಹೊಲ ಯಾರದೋ ಅವ ಬಳಕೆದಾರನಲ್ಲ.

ಇತಿಹಾಸ ಬಲ್ಲವರು ಈ ಸೂತ್ರದ ಮೂಲವನ್ನು ಊರಿನ ಹೊಲಗಳ ದಾಖಲೆ ಇಡುತ್ತಿದ್ದ ತಲಾಟಿಯಲ್ಲಿ ಕಾಣುತ್ತಾರೆ. ಆತನ ದಫ್ತರವೇ ನಮ್ಮ ಆದಿ ಜಾಲತಾಣ. ಪಾಸ್‌ವರ್ಡ್ ಇರಲಿಲ್ಲ, ಮಾತು ಬಂದರೆ ಸಾಕು. 'ಊರಾಗಿಲ್ಲ' ಎಂದರೆ ಸರ್ವರ್ ಡೌನ್. 2001ರ ಸುಮಾರಿಗೆ 'ಭೂಮಿ' ಯೋಜನೆ ರಾಜ್ಯದ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, 15 ರೂಪಾಯಿಗೆ ಉತಾರ, ಅಂದರೆ ಪಹಣಿಯ ಪ್ರತಿ, ಕೈಗೆ ಬಂತು. ಇದು ದೊಡ್ಡ ಉಪಕಾರ, ಅಣಕು ಶಾಸ್ತ್ರವೂ ಇದನ್ನು ಅಲ್ಲಗಳೆಯಲಾರದು.

ಇನ್ನು ಉತಾರ ತೆಗೆಯುವ ಪುಟದ ವಿವೇಚನೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೇ ನಂಬರ್: ಇಲ್ಲಿಯವರೆಗೆ ಭಕ್ತಿಮಾರ್ಗ, ಯಾರು ಬೇಕಾದರೂ ನಡೆಯಬಹುದು. ಅಣ್ಣಿಗೇರಿಯವರಿಗೆ ಮಾತ್ರ ಎರಡನೇ ಮೆಟ್ಟಿಲಲ್ಲೇ ಸಂಶಯ. ಅಜ್ಜನ ಕಾಗದದಲ್ಲಿ ನವಲಗುಂದ ತಾಲೂಕು ಎಂದಿದೆ, ಈಗ ತಮ್ಮದೇ ತಾಲೂಕಾಗಿದೆ. ಪಂಪನ ಊರೆಂದು ಹೇಳಿಕೊಳ್ಳುವವರು ತಮ್ಮ ಊರನ್ನು ತಾವೇ ಹುಡುಕುತ್ತ ಕೂರುವುದು ಕರುಣರಸ. ಆಮೇಲೆ ಬರುವುದು ಸರ್ನೋಕ್ ಎಂಬ ಖಾನೆ. ಪಟ್ಟಿಯನ್ನು ಕೆಳಗೆಳೆದರೆ ಬಹುತೇಕ ಒಂದೇ ಒಂದು ನಕ್ಷತ್ರಚಿಹ್ನೆ ಕಾಣುತ್ತದೆ. ಏನಿದು? ಜ್ಞಾನಮಾರ್ಗಿಗಳು ನಿರ್ಗುಣ ಎಂದರು. ಎರಿಹೊಲ ಪಂಥದ ಆಚಾರ್ಯ, ಅಂದರೆ ಅಂಗಡಿ ಹುಡುಗ, 'ಅದನ್ನ ಕೇಳಬ್ಯಾಡ್ರಿ, ಒತ್ತಬೇಕು ಅಷ್ಟ' ಎಂದ. ನಂತರ ಹಿಸ್ಸಾ. ಅಣ್ಣತಮ್ಮಂದಿರ ಜಗಳ ಇಲ್ಲಿ ಅಂಕಿಯಾಗಿ ನಿಂತಿರುತ್ತದೆ.

ದ್ವಿತೀಯ ಸೂತ್ರ: ಓಟಿಪಿ ಹೊಲದಲ್ಲಿರುವವನಿಗೆ ಬರತಕ್ಕದ್ದಲ್ಲ. ಅದು ಬೆಂಗಳೂರಿನಲ್ಲಿ ಪಾಳಿ ಮುಗಿಸಿ ಮಲಗಿದ ಮಗನ ಫೋನಿಗೆ ಬರುತ್ತದೆ. ಆತ ಏಳುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ. ಇದನ್ನೇ ವಿಪ್ರಲಂಭ ಎನ್ನುವುದು.

ತೃತೀಯ ಸೂತ್ರ ಒತ್ತಕ್ಷರಕ್ಕೆ ಸಂಬಂಧಿಸಿದ್ದು. ಉತಾರದಲ್ಲಿ ಫಕ್ಕೀರಪ್ಪ, ಆಧಾರಿನಲ್ಲಿ ಫಕೀರಪ್ಪ. ಎದುರಿಗೆ ನಿಂತ ಮುದುಕ ಒಬ್ಬನೇ, ಬೀಡಿಯೂ ಒಂದೇ. ಆದರೂ ಶಾಸ್ತ್ರಪ್ರಕಾರ ಇಬ್ಬರು. ಇಂಥ ಅದ್ವೈತಖಂಡನೆಯನ್ನು ಯಾವ ಮಠವೂ ಇಷ್ಟು ಚುಟುಕಾಗಿ ಮಾಡಿಲ್ಲ. ಮುದುಕ ಅಫಿಡವಿಟ್ ಮಾಡಿಸಿ ತಾನು ತಾನೇ ಎಂದು ಸಾಧಿಸಬೇಕು. ಬಾಂಡ್ ಬರೆಯುವವರ ಟೇಬಲ್ಲು ಪಕ್ಕದಲ್ಲೇ ಇರುವುದು ಶಾಸ್ತ್ರದ ದೂರದೃಷ್ಟಿ.

ಪೂರ್ವಪಕ್ಷ: ಬಣ್ಣ, ಚಿತ್ರ, ಓಡುವ ಅಕ್ಷರಗಳು ತಾಣಕ್ಕೆ ಶೋಭೆಯಲ್ಲವೇ? ಅಲ್ಲ. ಕಲಘಟಗಿ ತೊಟ್ಟಿಲಿನ ಬಣ್ಣ ನೋಡಿದವರಿಗೆ ಆ ಶೋಭೆ ಸಾಲದು, ಮತ್ತು ಆ ತೊಟ್ಟಿಲಲ್ಲಿ ಕೂಸು ಮಲಗುತ್ತದೆ.

ಕೊನೆಗೆ ಗುಣನಿರ್ಣಯ. ಮಮ್ಮಟ ಕಾವ್ಯವನ್ನು ಉತ್ತಮ, ಮಧ್ಯಮ, ಅಧಮ ಎಂದು ವಿಂಗಡಿಸಿದ. ಜಾಲತಾಣಕ್ಕೂ ಅದೇ ಅಳತೆ. ಅಳೆಯಲು ಪ್ರಶಸ್ತ ಮುಹೂರ್ತವೆಂದರೆ ಮುಂಗಾರಿ ಬೆಳೆವಿಮೆಯ ಕಡೇ ದಿನ. ನವಲಗುಂದದ ಹೆಸರು, ಕುಂದಗೋಳದ ಮೆಣಸಿನಕಾಯಿ ತಂತಮ್ಮ ಗಡುವಿನ ದಿನವೇ ಕಂಪ್ಯೂಟರಿನ ಮುಂದೆ ಸಾಲು ಹಚ್ಚುತ್ತವೆ. ಅವತ್ತು ಹುಡುಗ 'ಆತ್ರಿ, ಸಹಿ ಮಾಡ್ರಿ' ಎಂದರೆ ಉತ್ತಮ. 'ಚಾ ಕುಡದು ಬರ್ರಿ' ಎಂದರೆ ಮಧ್ಯಮ. 'ನಾಳೆ ಬರ್ರಿ' ಎಂದರೆ, ಗಡುವು ಇವತ್ತೇ ಮುಗಿಯುವುದರಿಂದ, ಅಧಮ. ಮಮ್ಮಟನಿಗೆ ಗೊತ್ತಿಲ್ಲದ ನಾಲ್ಕನೇ ದರ್ಜೆ ಒಂದಿದೆ: 'ಧಾರವಾಡಕ್ಕ ಹೋಗಿ ಕೇಳ್ರಿ.'