ಡಲ್ಲಾಸಿನಲ್ಲಿ ನಾಲ್ಕು ತಾಲ್ಲೂಕು

ಅಮೆರಿಕದಲ್ಲಿ ಬಾಣಂತನ ನಡೆಯುವುದು ವೀಸಾದ ಲೆಕ್ಕದಲ್ಲಿ. ಬಂದವರನ್ನು ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಜಾಣರು ಮೊದಲು ಹುಡುಗಿಯ ತಾಯಿಯನ್ನು ಕರೆಸಿಕೊಂಡು, ಆಕೆ ಹೊರಡುವ ಹೊತ್ತಿಗೆ ಹುಡುಗನ ತಾಯಿಯನ್ನು ಇಳಿಸಿಕೊಳ್ಳುತ್ತಾರೆ. ನಮ್ಮನೆಗೆ ಬೀಗಿತ್ತಿಯರಿಬ್ಬರೂ ಒಂದೇ ವಿಮಾನದಲ್ಲಿ ಬಂದರು. ಶಿರಾದ ನಮ್ಮತ್ತೆ ನಿವೃತ್ತ ಗಣಿತದ ಮೇಡಂ. ಪಾವಗಡದ ಕಡೆಯ ನಮ್ಮಮ್ಮ ಯಾವ ಕೆಲಸದಿಂದಲೂ ಇನ್ನೂ ನಿವೃತ್ತಿ ಪಡೆದವರಲ್ಲ. ಮಧುಗಿರಿಯಲ್ಲಿ ಸ್ಟಾಫ್ ನರ್ಸ್ ಆಗಿರುವ ಅಕ್ಕ ವಿಡಿಯೋ ಕಾಲಿನಲ್ಲಿ, ಕೊರಟಗೆರೆ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿನಲ್ಲಿ. ಹೀಗೆ ಡಲ್ಲಾಸಿನ ಒಂದು ಹೆರಿಗೆ ಕೋಣೆಗೆ ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಪ್ರಾತಿನಿಧ್ಯ ದೊರೆಯಿತು.

ಅಮ್ಮನ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು: ಸೂಲಗಿತ್ತಿ ನರಸಮ್ಮ. ಪಾವಗಡ ತಾಲ್ಲೂಕು ಕೃಷ್ಣಾಪುರದ ಆ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸೂ ಮುಟ್ಟದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅಮ್ಮನಿಗೆ ಅವರು ನೆಂಟರೂ ಅಲ್ಲ, ನೆರೆಯವರೂ ಅಲ್ಲ. ಆದರೂ ಆ ಪದ್ಮಶ್ರೀಯಲ್ಲಿ ತಾಲ್ಲೂಕಿನವರಿಗೆಲ್ಲ ಒಂದೊಂದು ಪಾಲು ಬಂದಿದೆ ಎನ್ನುವಂತೆ ಅಮ್ಮ ಹೆರಿಗೆ ಕೋಣೆಯೊಳಗೆ ಕಾಲಿಟ್ಟರು.

ಮೊದಲ ತಕರಾರು ಸೂಜಿಯದು. ನರ್ಸ್ ಬಂದವಳೇ ನನ್ನ ಹೆಂಡತಿಯ ಮುಂಗೈಗೆ ಸೂಜಿ ಚುಚ್ಚಿ, ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ ಉಳಿಸಿ, ಸೂಜಿಯನ್ನು ಹೊರಗೆಳೆದಳು. ಸಲೈನ್ ಹಾಯಿಸಿ ಮುಚ್ಚಳ ಹಾಕಿ, ಟೇಪು ಅಂಟಿಸಿ ಹೊರಟೇಹೋದಳು.

"ಲೋ, ಇದೇನೋ, ಚುಚ್ಚಿ ಬಾಟ್ಲೇ ಹಾಕ್ದಂಗೆ ಹೋಗ್ಬುಟ್ಲು?" ಎಂದರು ಅಮ್ಮ.

"ಅಳಿಯಂದ್ರೇ, ಇನ್ಷೂರೆನ್ಸ್‌ನಲ್ಲಿ ಬಾಟಲು ಬರೋದಿಲ್ವೇ?" ಎಂದರು ಅತ್ತೆ.

ನಮ್ಮ ಕಡೆ ಆಸ್ಪತ್ರೆಯ ಯೋಗ್ಯತೆಯನ್ನು ಜನ ಬಾಟಲಿನಲ್ಲಿ ಅಳೆಯುತ್ತಾರೆ. ಸುಸ್ತಾದರೆ ಗ್ಲೂಕೋಸು, ಮದುವೆ ಓಡಾಟ ಮುಗಿದರೆ ಗ್ಲೂಕೋಸು, ಸೊಸೆಯ ಜೊತೆ ಮಾತು ಬೆಳೆದರೂ ಗ್ಲೂಕೋಸು. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟಲಿನಲ್ಲಿರುವುದು 25 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ ಆರು ಟೀ ಚಮಚ. ಶಿರಾ ಬಸ್‌ಸ್ಟ್ಯಾಂಡಿನ ಎರಡು ಟೀ ಕುಡಿದರೂ ಬಹುಶಃ ಅಷ್ಟೇ ಒಳಗೆ ಹೋಗುತ್ತದೆ. ಆದರೆ ಟೀ ಕುಡಿಯುವವನನ್ನು ಯಾರೂ ಕಿತ್ತಲೆಹಣ್ಣು ಹಿಡಿದು ನೋಡಲು ಬರುವುದಿಲ್ಲ.

ಅಕ್ಕನಿಗೆ ವಿಡಿಯೋದಲ್ಲಿ ಕೈ ತೋರಿಸಿದೆ. "ಹಸಿರು ವೆನ್‌ಫ್ಲಾನ್ ಹಾಕವ್ರೆ, ಹದಿನೆಂಟನೇ ನಂಬರು. ದಪ್ಪಂದೇ ಬೇಕು, ರಕ್ತ ಕೊಡೋ ಹಾಗಾದ್ರೆ ಸಲೀಸಾಗಿ ಹೋಗುತ್ತೆ. ಅದು ಶಕ್ತಿಗಲ್ಲಮ್ಮ, ದಾರಿಗೆ" ಎಂದಳು. ರಕ್ತ ಎಂದ ಕೂಡಲೇ ಅಮ್ಮ ತೆಪ್ಪಗಾದರು. ಅವರ ಚಿಕ್ಕಮ್ಮನಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲವಂತೆ. ಗಾಡಿ ಪಾವಗಡ ಮುಟ್ಟುವುದರೊಳಗೆ ಎಲ್ಲಾ ಮುಗಿದಿತ್ತಂತೆ. ಇವತ್ತಾದರೆ ಮಗು ಹೊರಬಂದ ಕೂಡಲೇ ಗರ್ಭಕೋಶ ಬಿಗಿಯಲೆಂದು ಆಕ್ಸಿಟೋಸಿನ್ ಕೊಡುತ್ತಾರೆ, ಇಲ್ಲಿ ಅದು ಹೋಗುವುದು ಸಾಮಾನ್ಯವಾಗಿ ಈ ದಾರಿಯಲ್ಲೇ. ನರಸಮ್ಮನವರ ಕೈಗುಣ ಎಷ್ಟು ಸತ್ಯವೋ, ಅಂಥ ಕೈ ಸಿಕ್ಕದೆ ಹೋದವರ ಕಥೆಯೂ ಅಷ್ಟೇ ಸತ್ಯ.

ಬೆನ್ನಿಗೆ ಎಪಿಡ್ಯೂರಲ್ ಕೊಡುವ ಹೊತ್ತಿಗೆ ಕಂಬದಲ್ಲಿ ಚೀಲ ನೇತಾಡಿತು. ನೋವು ಇಳಿಯುವಾಗ ಬಿ.ಪಿ.ಯೂ ಇಳಿಯಬಹುದು, ಅದಕ್ಕೆ ಈ ನೀರು. ಬೀಗಿತ್ತಿಯರ ಮುಖದಲ್ಲಿ ಕಳೆ ಬಂತು. ಚೀಲದ ಮೇಲೆ ರಿಂಗರ್ ಎಂಬ ಹೆಸರಿತ್ತು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1880ರ ದಶಕದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಮಿಡಿಯುವಂತೆ ಮಾಡುತ್ತಿದ್ದರು. ಭಟ್ಟಿ ಇಳಿಸಿದ ಶುದ್ಧ ನೀರು ಬಳಸಿದರೆ ಅದು ನಿಂತುಹೋಗುತ್ತಿತ್ತು. ವಿಚಾರಿಸಿದರೆ, ಮೊದಲು ಬಳಸಿದ್ದು ಲಂಡನ್ನಿನ ನಲ್ಲಿ ನೀರು, ಹೃದಯವನ್ನು ನಡೆಸುತ್ತಿದ್ದುದು ಅದರೊಳಗಿನ ಸುಣ್ಣದಂಶ! ಈ ಕಥೆ ಹೇಳಿದ್ದೇ ತಡ, ಅಮ್ಮ ಬೀಗಿತ್ತಿಯ ಕಡೆ ತಿರುಗಿ, "ನೋಡ್ರೀ, ನಮ್ಮೂರ ಬೋರ್ ನೀರು ಕುಡ್ದು ಹಲ್ಲು ಹಳದಿಯಾದ್ರೂ ಗುಂಡಿಗೆ ಮಾತ್ರ ಗಟ್ಟಿ ಅಂತ ನಾ ಹೇಳ್ತಿರ್ಲಿಲ್ವೇ" ಎಂದರು. ಪಾವಗಡದ ನೀರಿನ ಫ್ಲೋರೈಡಿಗೆ ಅಷ್ಟು ದೂರದಲ್ಲಿ ಒಬ್ಬ ವಕೀಲರು ಸಿಕ್ಕಿದಂತಾಯಿತು.

ಆದರೆ ಮಂಚದ ಪಕ್ಕದಲ್ಲಿ ಯೂರಿನ್ ಬ್ಯಾಗ್ ಕಾಣಿಸಿದ್ದೇ ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅವರು ಕಂಡಂತೆ ಅದನ್ನು ಕಟ್ಟುವುದು ಊರಿನಿಂದ ಮಕ್ಕಳನ್ನೆಲ್ಲ ಕರೆಸುವ ಹೊತ್ತಿನಲ್ಲಿ. ಅಕ್ಕ ಮತ್ತೆ ಫೋನಿನಿಂದಲೇ ಸಮಾಧಾನ ಮಾಡಿದಳು: ಸೊಂಟದ ಕೆಳಗೆ ಮರಗಟ್ಟಿದೆ, ಒಂದಕ್ಕೆ ಬಂದದ್ದು ಅವಳಿಗೆ ಗೊತ್ತಾಗುವುದಿಲ್ಲ, ಎದ್ದು ಓಡಾಡುವಂತೆಯೂ ಇಲ್ಲ. ಮೂತ್ರಕೋಶ ತುಂಬಿಕೊಂಡರೆ ಮಗುವಿನ ತಲೆಗೆ ಅಡ್ಡ, ಹೆತ್ತ ಮೇಲೆ ಗರ್ಭಕೋಶ ಬಿಗಿಯುವುದಕ್ಕೂ ಅಡ್ಡ. ಮರಗಟ್ಟಿದ ಮೇಲೆಯೇ ಪೈಪು ಹಾಕುವುದರಿಂದ ಅಷ್ಟಾಗಿ ನೋಯುವುದಿಲ್ಲ. ತುದಿಯ ಪುಟ್ಟ ಬಲೂನಿಗೆ ಎರಡು ಚಮಚದಷ್ಟು ನೀರು ತುಂಬಿದರೆ ಜಾರದೆ ನಿಲ್ಲುತ್ತದೆ, ಆ ನೀರನ್ನು ಎಳೆದುಕೊಂಡರೆ ಸಲೀಸಾಗಿ ಬರುತ್ತದೆ. ಸೋಂಕಿನ ಭಯದಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಡುವುದಿಲ್ಲ. ಸಿಸೇರಿಯನ್ ಆಗಿದ್ದರೆ ಸಾಮಾನ್ಯವಾಗಿ ಮಾರನೇ ದಿನದೊಳಗೆ ತೆಗೆಯುತ್ತಾರೆ. ನನ್ನ ಹೆಂಡತಿಗೆ ಮಗುವನ್ನು ತಳ್ಳುವ ಮುಂಚೆಯೇ ತೆಗೆದರು.

ಇಷ್ಟೆಲ್ಲ ನಡೆಯುವಾಗ ನನ್ನ ಪಾತ್ರವೇನೆಂದರೆ ಚಾರ್ಜರ್ ಹಿಡಿದುಕೊಂಡು ನಿಲ್ಲುವುದು.

ಮಗಳು ಹುಟ್ಟಿದಳು. ನರ್ಸ್ ಐಸ್ ತುಂಬಿದ ನೀರಿನ ದೊಡ್ಡ ಮಗ್ಗು ತಂದಿಟ್ಟಳು. ಅತ್ತೆ ಅದನ್ನು ಸಿಂಕಿಗೆ ಸುರಿದು, ಫ್ಲಾಸ್ಕಿನಿಂದ ಓಮದ ನೀರು ಬಗ್ಗಿಸಿದರು. ಇಂಗ್ಲಿಷ್ ಬಾರದ ಅಮ್ಮನಿಗೂ ಕನ್ನಡ ಬಾರದ ನರ್ಸಿಗೂ ಇನ್ನು ಹೊಂದಾಣಿಕೆ ಸಾಧ್ಯವಿಲ್ಲ ಎಂದುಕೊಂಡೆ. ಆದರೆ ಪೈಪು ತೆಗೆದ ಮೇಲೆ ಬಾಣಂತಿ ತಾನಾಗಿ ಒಂದಕ್ಕೆ ಹೋಗಬೇಕು, ಕೆಲವು ಗಂಟೆಯಲ್ಲಿ ಹೋಗದಿದ್ದರೆ ಮತ್ತೆ ಪೈಪು. ಅದಕ್ಕೆಂದೇ ಶೌಚಾಲಯದ ಸೀಟಿನೊಳಗೆ ಅಳತೆಗೆರೆಗಳಿದ್ದ ಪ್ಲಾಸ್ಟಿಕ್ ಬೋಗುಣಿ ಇಟ್ಟಿದ್ದರು. ನರ್ಸ್ ಗಂಟೆಗೊಮ್ಮೆ ಇಣುಕಿ ಹುಬ್ಬೇರಿಸುತ್ತಿದ್ದಳು. "ಒಂದಕ್ಕೆ ಹೋದ್ಯೇನವ್ವ?" ಎಂದು ಅಮ್ಮ ಕಾಲು ಗಂಟೆಗೊಮ್ಮೆ ಕೇಳುತ್ತಿದ್ದರು. ಅತ್ತೆ ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿದರು. ನರ್ಸ್ ಅದನ್ನು ಕಂಡು ಹೆಬ್ಬೆರಳು ಎತ್ತಿದಳು. ಅವರ ಕಡೆಯಲ್ಲೂ ಅದೇ ಮದ್ದಂತೆ!

ಕೊನೆಗೂ ಕೆಲಸವಾಯಿತು, ಒಂದಿಷ್ಟು ಉರಿಯೊಂದಿಗೆ. ನರ್ಸ್ ಬೋರ್ಡಿನ ಮೇಲೆ 350 ಎಂದು ಬರೆದಳು.

"ಪಾವಿನ ಮೇಲೆ ಇನ್ನೂ ಸ್ವಲ್ಪ" ಎಂದು ಅತ್ತೆ ತಕ್ಷಣ ಲೆಕ್ಕ ಹೇಳಿದರು. ಅಮ್ಮ ನರ್ಸಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದರು.

"ರೀ, ಇದನ್ನೆಲ್ಲ ಗ್ರೂಪಿಗೆ ಹಾಕಿದ್ರೆ ನೋಡಿ ಮತ್ತೆ" ಎಂದು ಹೆಂಡತಿ ಮಲಗಿದಲ್ಲಿಂದಲೇ ಎಚ್ಚರಿಸಿದಳು. ನಾನು ಹಾಕಲಿಲ್ಲ. ಆದರೆ ಅಮ್ಮನ ಕೈಯಲ್ಲಿ ಫೋನಿತ್ತು, ವಾಯ್ಸ್ ಮೆಸೇಜಿಗೆ ಅಕ್ಷರ ಬರಬೇಕೆಂದೇನಿಲ್ಲ. ನಿಮಿಷದೊಳಗೆ ಕೊರಟಗೆರೆ ಚಿಕ್ಕಪ್ಪನಿಂದ ಉತ್ತರ ಬಂತು: "ಮುನ್ನೂರೈವತ್ತಂತೆ, ಬಹಳ ಸಂತೋಷ. ಮಗು ಗಂಡೋ ಹೆಣ್ಣೋ?"